ಎಲ್ಲದಕ್ಕೂ ತೇವ

ಟ್ರೇಯಲ್ಲಿ ಮೊಳಕೆಗಿಟ್ಟ ಬಿತ್ತನೆ ಆಲೂಗಡ್ಡೆ ಕಂಡರೆ ಸಾಕು, ಬಂದವರಿಗೆಲ್ಲ ಏನಾದರೂ ಹೇಳಲೇಬೇಕು ಅನ್ನಿಸುತ್ತದೆ. ಮೊನ್ನೆ ಬಂದವರೊಬ್ಬರು ಮೆತ್ತಗಾಗಿದ್ದ ಗಡ್ಡೆಯನ್ನೇ ಹುಡುಕಿ ಎತ್ತಿಕೊಂಡು, ಮೂಸಿ, "ತೇವ ಜಾಸ್ತಿ ಆಗಿದೆ ಕಣ್ರೀ" ಎಂದರು. ರಸ ಮೆತ್ತಿದ ಅದೇ ಕೈಯಲ್ಲಿ ಪಕ್ಕದ ಒಳ್ಳೆಯ ಗಡ್ಡೆಗಳನ್ನೂ ಒತ್ತಿ ನೋಡಿದರು. ಕೊಳೆ ರೋಗ ಹರಡುವುದೇ ಹೀಗೆ. ಕೈ ತೊಳ್ಕೊಳ್ಳಿ ಅನ್ನಲು ನನಗೆ ದಾಕ್ಷಿಣ್ಯ.

ತೇವದ ತಲೆಗೆ ಕಟ್ಟುವ ಚಾಳಿ ಹಳೆಯದು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಅಂಗಮಾರಿ ರೋಗ ಬಂದು ಕೊಳೆತಾಗ ಜಾನ್ ಲಿಂಡ್ಲಿ ಎಂಬ ದೊಡ್ಡ ಸಸ್ಯಶಾಸ್ತ್ರಜ್ಞರು, ಮಳೆ ಹೆಚ್ಚಾಗಿ ಗಿಡಗಳು ಅತಿಯಾಗಿ ನೀರು ಕುಡಿದಿವೆ ಎಂದರು. ಕೆಲವರು ಹೊಸದಾಗಿ ಓಡುತ್ತಿದ್ದ ರೈಲನ್ನು ಬೈದರು. ಅದರಿಂದ ಗಾಳಿಗೆ ವಿದ್ಯುತ್ತು ಸೇರಿತಂತೆ! ಮೈಲ್ಸ್ ಬರ್ಕ್ಲಿ ಎಂಬ ಪಾದ್ರಿ ಮಾತ್ರ ಸೂಕ್ಷ್ಮದರ್ಶಕದಲ್ಲಿ ನೋಡಿ, ಕೊಳೆತಿದ್ದಕ್ಕೆ ಬೂಷ್ಟು ಬಂದಿಲ್ಲ, ಬೂಷ್ಟು ಬಂದಿದ್ದಕ್ಕೇ ಕೊಳೆತಿದೆ ಎಂದು 1846ರಲ್ಲಿ ಬರೆದರು. ಪಾದ್ರಿ ಮಾತು ಯಾರು ಕೇಳ್ತಾರೆ? 1861ರಲ್ಲಿ ಜರ್ಮನಿಯ ಆಂಟನ್ ಡಿ ಬಾರಿ ಅದನ್ನು ಪ್ರಯೋಗ ಮಾಡಿ ತೋರಿಸುವ ಹೊತ್ತಿಗೆ ಹಸಿವಿಗೂ ಜ್ವರಕ್ಕೂ ಸುಮಾರು 10 ಲಕ್ಷ ಜನ ಸತ್ತು ಎಷ್ಟೋ ವರ್ಷವಾಗಿತ್ತು. (ಅಷ್ಟು ಸಾವಿಗೆ ಬೂಷ್ಟೊಂದೇ ಕಾರಣವಲ್ಲ, ಆಳುವವರದ್ದೂ ಪಾಲಿತ್ತು. ಆ ಸಿಟ್ಟು ಇನ್ನೊಂದು ದಿನಕ್ಕಿರಲಿ.) ಈಗಿನವರು ಆ ಬೂಷ್ಟನ್ನು ಶಿಲೀಂಧ್ರ ಅಂತಲೂ ಒಪ್ಪುವುದಿಲ್ಲ, ನೀರಿನ ಪಾಚಿಗಳ ದೂರದ ನೆಂಟ ಅನ್ನುತ್ತಾರೆ. ನೆಂಟಸ್ತಿಕೆ ಏನೇ ಇರಲಿ, ಒಂದು ಹಂಗಾಮಿನಿಂದ ಇನ್ನೊಂದಕ್ಕೆ ಅದು ದಾಟುವುದು ಹೆಚ್ಚಾಗಿ ರೋಗ ಹಿಡಿದ ಗಡ್ಡೆಯೊಳಗೆ ಕೂತು. ನಾವು ಬೆಚ್ಚಗೆ ಜೋಪಾನ ಮಾಡುತ್ತೇವಲ್ಲ, ಅಂಥದ್ದರಲ್ಲೇ.

ತೇವ ನಿರಪರಾಧಿ ಅಂತಲ್ಲ. ಮೆತ್ತನೆ ಕೊಳೆಗೆ ಅದು ಬೇಕೇ ಬೇಕು. ಆದರೆ ಒಣ ಕೊಳೆ ಒಳಗೆ ನುಗ್ಗಲು ಒಂದು ಗಾಯ ಸಾಕು. ಪೆಟ್ಟಾದ ಜಾಗ ಕುಸಿದು, ಸಿಪ್ಪೆ ಸುತ್ತಸುತ್ತ ಸುಕ್ಕುಗಟ್ಟುತ್ತದೆ. ಗಡ್ಡೆ ಕೊರೆಯುವ ಪತಂಗದ ಹುಳು ಗಡ್ಡೆಯ ಕಣ್ಣಿನಿಂದಲೇ, ಅಂದರೆ ಮೊಳಕೆ ಒಡೆಯುವ ಕುಳಿಯಿಂದಲೇ, ಒಳಹೊಕ್ಕು, ಬಾಗಿಲಲ್ಲಿ ಕಪ್ಪು ಹಿಕ್ಕೆ ಬಿಟ್ಟಿರುತ್ತದೆ. ಅದಕ್ಕೆ ತೇವದ ಹಂಗೇ ಇಲ್ಲ.

ನನಗೆ ನಿಜವಾಗಿ ಮೈ ಉರಿಯುವುದು ಗಿಡಹೇನು ಕಂಡರೆ. ನೇರಳೆ ಬಣ್ಣದ ಗಿಡ್ಡ ಮೊಳಕೆಯ ಸಂದಿಯಲ್ಲಿ ಹಸಿರು ಚುಕ್ಕಿಗಳ ಹಾಗೆ ಅಂಟಿಕೊಂಡಿರುತ್ತವೆ. ಹೊರಗಾದರೆ ತಿನ್ನಲು ಗುಲಗಂಜಿ ಹುಳುವಾದರೂ ಬರುತ್ತಿತ್ತು. ಮನೆಯೊಳಗೆ ಯಾರು ಬರ್ತಾರೆ? ಗಂಡಿನ ನೆರವೇ ಇಲ್ಲದೆ ಮರಿ ಹಾಕುತ್ತಾ ಹೋಗುತ್ತವೆ. ಒಂದು ಗಡ್ಡೆಯಲ್ಲಿ ಎಲೆ ಮುದುರುವ ನಂಜುರೋಗ ಇದ್ದರೆ ಅದನ್ನೂ ಇಡೀ ಟ್ರೇಗೆ ಹಂಚಿಬಿಡುತ್ತವೆ. ಬೆರಳಲ್ಲಿ ಒರೆಸಬೇಕು ಅನ್ನುತ್ತಾರೆ. ಸುಮ್ನೆ ಒರೆಸಿ ನೋಡಿ, ಮೊಳಕೆ ಟಪ್ ಅಂತ ಮುರಿಯುತ್ತದೆ. ಅದೇ ಕಣ್ಣಿಂದ ಇನ್ನೊಂದು ಬರುತ್ತದೆ ನಿಜ, ಸ್ವಲ್ಪ ಸಣಕಲು. ಹೇನುಗಳಿಗೆ ಅದೂ ಆಗುತ್ತದೆ.