ಎದುರಾಳಿ ಸೋತನೆಂದು ನವೆಂಬರ್‌ನಲ್ಲೇ ಪಟಾಕಿ ಹಚ್ಚುವವರಿಗೆ

ಶುರುವಾಯಿತು ನೋಡಿ. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಸೀಸನ್ ಆರಂಭವಾಗಿ ಎರಡು ವಾರ ತುಂಬಿಲ್ಲ, ಆಗಲೇ ಕುಣಿತ. ತಮ್ಮ ಬದ್ಧ ಎದುರಾಳಿ ಕಾಲೇಜು ಬೇರೆ ಕಾನ್ಫರೆನ್ಸಿನ (ತಮ್ಮತಮ್ಮಲ್ಲೇ ಲೀಗ್ ಆಡುವ ಕಾಲೇಜುಗಳ ಗುಂಪು) ತಂಡದ ಕೈಲಿ ಎರಡೇ ಎರಡು ಪಾಯಿಂಟಿನಿಂದ ಸೋತಿತು ಅಂತ ಒಬ್ಬರು ಹಲ್ಲು ಕಿರಿಯುವ ಇಮೋಜಿ ಹಾಕಿದ್ದಾರೆ. ಅದರ ಕೆಳಗೆ ಜಾತ್ರೆ. ಯಾವ ಕಾಲೇಜು, ಯಾರು ಹಾಕಿದ್ದು ಅಂತ ಹೆಸರು ಬೇಡ, ಹಾಕಿದವರಿಗೆ ಗೊತ್ತು. ನನ್ನ ತಕರಾರು ಒಂದೇ: ಸ್ವಾಮಿ, ನೀವು ನಕ್ಕಿದ್ದು ನಿಮ್ಮದೇ ಮನೆಯ ಜಂತಿ ಮುರಿದದ್ದಕ್ಕೆ.

ನನ್ನ ಈ ಹುಚ್ಚು ಹಳೆಯ ಗೆಳೆಯರಿಗೆ ಗೊತ್ತೇ ಇದೆ. ಹೊಸಬರಿಗೆ ಎರಡು ಮಾತು. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಅಂದರೆ ಟಿವಿಯಲ್ಲಿ ಕಾಣುವ ಡ್ಯೂಕ್, ಕನ್ಸಾಸ್ ಮಾತ್ರ ಅಲ್ಲ. ಅಲ್ಲಿ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ, ಅದರ ಮೂರನೇ ಡಿವಿಷನ್‌ನಲ್ಲಿ ನಾನೂರಕ್ಕೂ ಹೆಚ್ಚು ಕಾಲೇಜುಗಳಿವೆ, ಕ್ರೀಡೆಗೆಂದು ಒಂದು ಡಾಲರ್ ಸ್ಕಾಲರ್‌ಶಿಪ್ ಇಲ್ಲ. ಹುಡುಗರು ಕೆಮಿಸ್ಟ್ರಿ ಲ್ಯಾಬ್ ಮುಗಿಸಿ ಬಂದು ಆಡುತ್ತಾರೆ. ಆಟ ಮಾತ್ರ ಆಟವೇ. 1895ರ ಫೆಬ್ರವರಿ 9ರಂದು ಹ್ಯಾಮ್ಲಿನ್ ಮತ್ತು ಮಿನೆಸೋಟದ ಕೃಷಿ ಶಾಲೆಯ ನಡುವೆ ನಡೆದದ್ದನ್ನೇ ಕಾಲೇಜುಗಳ ನಡುವಿನ ಮೊದಲ ಪಂದ್ಯ ಅನ್ನುತ್ತಾರೆ. ಕಡೆಗೆ ಒಂಬತ್ತೊಂಬತ್ತು ಆಟಗಾರರು, ಸ್ಕೋರು 9–3, ಹ್ಯಾಮ್ಲಿನ್ ಸೋತಿತು. ಆ ಹ್ಯಾಮ್ಲಿನ್ ಇವತ್ತಿಗೂ ಮೂರನೇ ಡಿವಿಷನ್‌ನಲ್ಲೇ ಆಡುತ್ತಿದೆ. ‘ಸಣ್ಣ ಕಾಲೇಜು’ ಅಂತ ಮೂಗು ಮುರಿಯುವವರಿಗೆ ಇಷ್ಟು ಸಾಕು.

ಈಗ ವಿಷಯಕ್ಕೆ. ಪೈಪೋಟಿ ಅಂದರೆ ನನ್ನ ಕಣ್ಣ ಮುಂದೆ ಮೊದಲು ಬರುವುದು ಮಿಚಿಗನ್‌ನ ಹೋಪ್ ಮತ್ತು ಕ್ಯಾಲ್ವಿನ್. ಹಾಲೆಂಡ್ ಎಂಬ ಊರಲ್ಲಿ ಹೋಪ್, ಗ್ರಾಂಡ್ ರಾಪಿಡ್ಸ್‌ನಲ್ಲಿ ಕ್ಯಾಲ್ವಿನ್, ನಡುವೆ ಸುಮಾರು ಐವತ್ತು ಕಿಲೋಮೀಟರು. ಎರಡೂ ಡಚ್ ವಲಸಿಗರು ಕಟ್ಟಿದ ಕಾಲೇಜುಗಳೇ. ಒಂದು ರಿಫಾರ್ಮ್ಡ್ ಚರ್ಚಿನದು, ಇನ್ನೊಂದು 1857ರಲ್ಲಿ ಅದರಿಂದ ಸಿಡಿದು ಹೋದ ಕ್ರಿಶ್ಚಿಯನ್ ರಿಫಾರ್ಮ್ಡ್ ಚರ್ಚಿನದು. ದಾಯಾದಿ ಕಲಹ ಅಂದರೆ ಇದೇ ತಾನೇ. ಹೊರಗಿನವರಿಗೆ ವ್ಯತ್ಯಾಸವೇ ಕಾಣದು, ಒಳಗಿನವರಿಗೆ ವ್ಯತ್ಯಾಸ ಬಿಟ್ಟು ಬೇರೇನೂ ಕಾಣದು! 1920ರಿಂದ ಆಡುತ್ತ ಬಂದಿದ್ದಾರೆ, ಇನ್ನೂರು ಪಂದ್ಯ ದಾಟಿವೆ. 1997ರಲ್ಲಿ ವ್ಯಾನ್ ಆಂಡೆಲ್ ಅರೀನಾದಲ್ಲಿ ಇವರ ಪಂದ್ಯಕ್ಕೆ 11,442 ಜನ ಸೇರಿದ್ದರು. ಸ್ಕಾಲರ್‌ಶಿಪ್ ಇಲ್ಲದ ಹುಡುಗರ ಆಟಕ್ಕೆ!

ಇಂಥ ಎರಡು ಕಾಲೇಜುಗಳಲ್ಲಿ ಒಂದು ನವೆಂಬರ್‌ನಲ್ಲಿ ವಿಸ್ಕಾನ್ಸಿನ್‌ನ ಯಾವುದೋ ತಂಡಕ್ಕೆ ಸೋತರೆ ಇನ್ನೊಂದರ ಬೆಂಬಲಿಗ ಹಿಗ್ಗುವುದು ಸಹಜ. ಸಹಜ ಹೌದು, ಲೆಕ್ಕ ಬಾರದವನ ಸಹಜ.

ಲೆಕ್ಕ ಕೇಳಿ. ಇವರಿಬ್ಬರೂ ಇರುವ ಎಂಐಎಎ ಕಾನ್ಫರೆನ್ಸಿನಲ್ಲಿ ಪುರುಷರ ತಂಡಗಳು ಎಂಟು. ಒಬ್ಬೊಬ್ಬರೂ ಉಳಿದ ಏಳು ತಂಡಗಳ ಜೊತೆ ಎರಡೆರಡು ಸಲ, ಒಟ್ಟು ತಲಾ 14 ಪಂದ್ಯ ಆಡುತ್ತಾರೆ. ಸೀಸನ್ನಿಗೆ ಅವಕಾಶ ಇರುವುದು 25 ಪಂದ್ಯ. ಅಂದರೆ ಹೊರಗಿನವರ ಜೊತೆ ಹನ್ನೊಂದೇ, ಬಹುಪಾಲು ನವೆಂಬರ್ ಡಿಸೆಂಬರ್‌ನಲ್ಲೇ ಮುಗಿದುಹೋಗುವಂಥವು. ಜನವರಿಯಲ್ಲಿ ಕಾನ್ಫರೆನ್ಸ್ ಪಂದ್ಯಗಳ ಭರಾಟೆ ಶುರುವಾದ ಮೇಲೆ ಒಳಗೆ ನಡೆಯುವುದು 56 ಪಂದ್ಯ: 56 ಗೆಲುವು, 56 ಸೋಲು, ತಲೆಕೆಳಗಾಗಿ ನಿಂತರೂ ಅದು ಬದಲಾಗದು. ಒಂದೇ ಬಾವಿಯ ನೀರನ್ನು ಆ ಕೊಡದಿಂದ ಈ ಕೊಡಕ್ಕೆ ಸುರಿದ ಹಾಗೆ. ಬಾವಿಗೆ ಹೊಸ ನೀರು ಬರುವುದು ಹೊರಗಿನ ಆ 88 ಪಂದ್ಯಗಳಿಂದ ಮಾತ್ರ.

ಇದಕ್ಕೂ ಮಾರ್ಚ್ ತಿಂಗಳ ರಾಷ್ಟ್ರ ಪ್ರಶಸ್ತಿಯ ಟೂರ್ನಿಗೂ ಏನು ಸಂಬಂಧ ಅಂದರೆ, ಇರುವುದೆಲ್ಲ ಅದೇ ಸಂಬಂಧ. ಪುರುಷರ ಟೂರ್ನಿಗೆ 64 ತಂಡ. ನಲವತ್ತಕ್ಕೂ ಹೆಚ್ಚು ಜಾಗ ಕಾನ್ಫರೆನ್ಸ್ ಚಾಂಪಿಯನ್ನರಿಗೆ ನೇರವಾಗಿ ಹೋಗುತ್ತವೆ. ಉಳಿದ ಇಪ್ಪತ್ತರ ಆಸುಪಾಸು ಜಾಗಕ್ಕೆ ದೇಶವಿಡೀ ಕಾದಾಟ. 2024–25ರ ಸೀಸನ್‌ನಿಂದ ಆ ಜಾಗಗಳನ್ನು ಹಂಚುವುದಕ್ಕೆ ಎನ್‌ಪಿಐ ಎಂಬ ಸೂಚ್ಯಂಕ ಬಂದಿದೆ. ನಿಮ್ಮ ಪ್ರತಿ ಪಂದ್ಯಕ್ಕೂ ಅದು ಒಂದು ಬೆಲೆ ಕಟ್ಟುತ್ತದೆ: ಗೆದ್ದಿರೋ ಸೋತಿರೋ, ಮನೆಯಂಗಳವೋ ಪರವೂರೋ, ಮುಖ್ಯವಾಗಿ ಎದುರಿನವನ ಎನ್‌ಪಿಐ ಎಷ್ಟು. ಎದುರಿನವನ ಎನ್‌ಪಿಐ ಅವನ ಎದುರಾಳಿಗಳ ಎನ್‌ಪಿಐಯಿಂದ. ಒಬ್ಬರ ಬೆನ್ನು ಇನ್ನೊಬ್ಬರಿಗೆ ಕಟ್ಟಿದ ಲೆಕ್ಕ. ಬಲವಾದ ತಂಡವನ್ನು ಸೋಲಿಸಿದರೆ ಮೇಲೊಂದಿಷ್ಟು ಬೋನಸ್ಸು. ತೀರಾ ದುರ್ಬಲರನ್ನು ಸೋಲಿಸಿ ಸರಾಸರಿ ಇಳಿಯುವುದಾದರೆ ಆ ಗೆಲುವನ್ನು ಲೆಕ್ಕದಿಂದಲೇ ತೆಗೆಯುವ ಏರ್ಪಾಡೂ ಇದೆ, ಕನಿಷ್ಠ ಇಷ್ಟು ಗೆಲುವು ಉಳಿಯಲೇಬೇಕೆಂಬ ಷರತ್ತಿನೊಂದಿಗೆ.

ಈಗ ಹೇಳಿ. ಕ್ಯಾಲ್ವಿನ್ ಹೊರಗೆ ಸೋತರೆ ಅದರ ಸೂಚ್ಯಂಕ ಇಳಿಯಿತು. ಹೋಪ್ ಅದರ ಜೊತೆ ಎರಡು ಸಲ ಆಡಬೇಕು, ಆ ಎರಡೂ ಪಂದ್ಯಗಳ ಬೆಲೆ ಇಳಿಯಿತು. ಅಲ್ಲಿಗೇ ನಿಲ್ಲಲಿಲ್ಲ. ಆಲ್ಬಿಯನ್, ಆಲ್ಮಾ, ಟ್ರೈನ್ ಎಲ್ಲರೂ ಕ್ಯಾಲ್ವಿನ್ ಜೊತೆ ಎರಡೆರಡು ಸಲ ಆಡುವವರೇ, ಅವರದ್ದೂ ಒಂದೊಂದು ಕೂದಲೆಳೆ ಇಳಿಯಿತು. ಹೋಪ್ ಅವರೆಲ್ಲರ ಜೊತೆಗೂ ಎರಡೆರಡು ಸಲ ಆಡಬೇಕಲ್ಲ? ಹದಿನಾಲ್ಕೂ ಪಂದ್ಯಕ್ಕೆ ಕೈ ಹಾಕಿತು ಆ ಒಂದು ಸೋಲು. ಮೂಗು ಕೊಯ್ದುಕೊಂಡು ಎದುರಿನವನಿಗೆ ಅಪಶಕುನ ಮಾಡಿದ ಹಾಗಾಯಿತು ನಿಮ್ಮ ಇಮೋಜಿ.

ನಮ್ಮ ಐಪಿಎಲ್ ಕಣ್ಣಿಗೆ ಒಗ್ಗದ ಸಂಗತಿ ಇನ್ನೊಂದಿದೆ: ಇಲ್ಲಿ ನೆಟ್ ರನ್‌ರೇಟ್ ಥರದ್ದು ಏನೂ ಇಲ್ಲ. ಒಂದು ಪಾಯಿಂಟಿನಿಂದ ಸೋತರೂ ಮೂವತ್ತರಿಂದ ಸೋತರೂ ಸೂಚ್ಯಂಕಕ್ಕೆ ಒಂದೇ. ‘ಎರಡೇ ಪಾಯಿಂಟಿನ ಸೋಲು, ಪರವಾಗಿಲ್ಲ, ಚೆನ್ನಾಗಿ ಆಡಿದರು’ ಅನ್ನುವ ಸಮಾಧಾನಕ್ಕೆ ಅಲ್ಲಿ ಬಿಡಿಗಾಸಿನ ಬೆಲೆ ಇಲ್ಲ. ಹಾಗಾಗಿಯೇ ನಿಕಟ ಪಂದ್ಯದ ಕೊನೆಯ ನಲವತ್ತು ಸೆಕೆಂಡು ಇಡೀ ಕಾನ್ಫರೆನ್ಸಿನ ಆಸ್ತಿ. ಆ ನಲವತ್ತು ಸೆಕೆಂಡನ್ನೇ ನವೆಂಬರ್‌ನಲ್ಲಿ ಎಲ್ಲರೂ ಹಾಳುಗೆಡವುವುದು!

ಯಾಕೆ ಹಾಳಾಗುತ್ತದೆ ಅಂತಲೂ ಹೇಳಿಬಿಡುತ್ತೇನೆ. ಅಭ್ಯಾಸ ಶುರುವಾಗುವುದೇ ಅಕ್ಟೋಬರ್ ಮಧ್ಯದಲ್ಲಿ. ಮೊದಲ ಪಂದ್ಯಕ್ಕೆ ಮೂರು ವಾರ ಸಿಕ್ಕರೆ ಹೆಚ್ಚು. ಆ ಮೂರು ವಾರದಲ್ಲಿ ಕೋಚ್ ಮೊದಲು ಕಲಿಸುವುದು ಮ್ಯಾನ್ ಡಿಫೆನ್ಸ್ (ಒಬ್ಬೊಬ್ಬನಿಗೆ ಒಬ್ಬೊಬ್ಬನ ಕಾವಲು), ಪ್ರೆಸ್ (ಅಂಗಳದುದ್ದಕ್ಕೂ ಮೈಮೇಲೆ ಬೀಳುವ ಡಿಫೆನ್ಸ್) ಮುರಿಯುವ ವಿಧಾನ, ನಾಲ್ಕೈದು ಮುಖ್ಯ ಸೆಟ್‌ಗಳು, ಅಂದರೆ ಮೊದಲೇ ಹೆಣೆದ ದಾಳಿಗಳು. ಕೊನೆಯ ನಿಮಿಷದ ಕಸುಬು ಪಟ್ಟಿಯ ಕೆಳಗೆ. ಇದರ ಫಲಕ್ಕೊಂದು ಉದಾಹರಣೆ. ನಿಯಮದ ಪ್ರಕಾರ, ಎದುರಿನವರು ಬುಟ್ಟಿಗೆ ಹಾಕಿದ ಮೇಲೆ ಚೆಂಡು ಒಳಗೆಸೆಯುವವನು ಬೇಸ್‌ಲೈನ್ (ಬುಟ್ಟಿಯ ಹಿಂದಿನ ಗೆರೆ) ಉದ್ದಕ್ಕೂ ಓಡಬಹುದು. ಅದೇ ಫೌಲ್ ಆಗಿಯೋ ಚೆಂಡು ಹೊರಹೋಗಿಯೋ ಸಿಕ್ಕಿದ್ದಾದರೆ ನಿಂತಲ್ಲೇ ನಿಂತು ಎಸೆಯಬೇಕು. ಬುಟ್ಟಿ ಬಿದ್ದ ಮೇಲೆ ಟೈಮ್‌ಔಟ್ ತೆಗೆದುಕೊಂಡರೂ ಓಡುವ ಹಕ್ಕು ಹಾಗೇ ಇರುತ್ತದೆ. ಹೊಸ ಹುಡುಗನಿಗೆ ಇದು ತಲೆಯಲ್ಲಿ ನಿಂತಿರುವುದಿಲ್ಲ. ಓಡಬಹುದಾದಾಗ ಕಂಬದ ಹಾಗೆ ನಿಂತು ಐದು ಸೆಕೆಂಡು ಕಳೆದುಕೊಳ್ಳುತ್ತಾನೆ, ಓಡಬಾರದಾಗ ಓಡಿ ಸೀಟಿ ಊದಿಸಿಕೊಳ್ಳುತ್ತಾನೆ. ಎರಡೂ ಕಡೆ ಚೆಂಡು ಎದುರಿನವರ ಪಾಲು.

ಇನ್ನು ಫ್ರೀ ಥ್ರೋ, ಅಂದರೆ ಫೌಲಿಗೆ ಪ್ರತಿಯಾಗಿ ಸಿಗುವ, ಯಾರೂ ಅಡ್ಡ ಬರದ ಎಸೆತ. ಪುರುಷರ ಆಟದಲ್ಲಿ ಒಂದು ಅರ್ಧದಲ್ಲಿ ಏಳನೇ ತಂಡ-ಫೌಲಿನಿಂದ ಒನ್-ಅಂಡ್-ಒನ್: ಮೊದಲನೆಯದು ಬಿದ್ದರೆ ಮಾತ್ರ ಎರಡನೆಯದು. ಹತ್ತನೆಯದರಿಂದ ನೇರ ಎರಡು, ಇದೇ ಡಬಲ್ ಬೋನಸ್ಸು. ನೂರಕ್ಕೆ ಎಪ್ಪತ್ತು ಹಾಕುವ ಹುಡುಗ ಒನ್-ಅಂಡ್-ಒನ್‌ನಲ್ಲಿ ಸರಾಸರಿ 1.19 ಪಾಯಿಂಟ್ ತರುತ್ತಾನೆ, ನೇರ ಎರಡರಲ್ಲಿ 1.4. ಒನ್-ಅಂಡ್-ಒನ್‌ನಲ್ಲಿ ಬರಿಗೈಯಲ್ಲಿ ಮರಳುವ ಸಾಧ್ಯತೆ ನೂರಕ್ಕೆ ಮೂವತ್ತು, ನೇರ ಎರಡರಲ್ಲಿ ಒಂಬತ್ತೇ. ಈ ಅಂತರವೇ ಎಷ್ಟೋ ಪಂದ್ಯಗಳ ಕಥೆ. ಸೀಸನ್ ಆರಂಭದಲ್ಲಿ ಡಿಫೆಂಡರುಗಳ ಕಾಲು ನಿಧಾನ, ಕೈ ಮುಂದೆ. ಆರು ನಿಮಿಷ ಬಾಕಿ ಇರುವಾಗಲೇ ಹತ್ತು ಫೌಲ್ ಆಗಿ ಎದುರಿನವರನ್ನು ಡಬಲ್ ಬೋನಸ್ಸಿಗೆ ಕೂರಿಸಿರುತ್ತಾರೆ. ಆಮೇಲೆ ಕೊನೆಯಲ್ಲಿ ಹಿಂದೆ ಬಿದ್ದಾಗ ಫೌಲ್ ಮಾಡಿ ಗಡಿಯಾರ ನಿಲ್ಲಿಸೋಣ ಅಂದರೆ ಪ್ರತಿ ಸಲವೂ ದುಬಾರಿ.

ಮೂರು ಪಾಯಿಂಟ್ ಮುಂದಿದ್ದು ಐದಾರು ಸೆಕೆಂಡು ಬಾಕಿ ಇದ್ದರೆ ಫೌಲ್ ಮಾಡಬೇಕೋ ಬೇಡವೋ ಎಂಬ ಹಳೇ ಜಗಳ ಇದ್ದದ್ದೇ. ನಾನು ಮಾಡಬೇಕು ಅನ್ನುವ ಪಂಗಡ. ಆದರೆ ಚೆಂಡು ಹಿಡಿದವನು ಬೆನ್ನು ಹಾಕಿರುವಾಗ ಅಥವಾ ಡ್ರಿಬಲ್ ನೆಲದ ಮೇಲಿರುವಾಗ ಮುಟ್ಟಬೇಕು. ಅವನು ಕೈ ಎತ್ತಿದ ಮೇಲೆ ಮುಟ್ಟಿದರೆ ಮೂರು ಫ್ರೀ ಥ್ರೋ ದಾನ ಕೊಟ್ಟ ಹಾಗೆ. ಇದನ್ನು ಹತ್ತು ಸಲ ಅಭ್ಯಾಸ ಮಾಡಿಸದೆ ನವೆಂಬರ್ ಪಂದ್ಯದಲ್ಲಿ ಬೆಂಚಿನಿಂದ ‘ಫೌಲ್! ಫೌಲ್!’ ಅಂತ ಕೂಗುವ ಕೋಚುಗಳನ್ನು ಕಂಡರೆ ನನ್ನ ರಕ್ತದೊತ್ತಡ ಏರುತ್ತದೆ.

ಟೂ-ಫಾರ್-ಒನ್, ಅಂದರೆ ಎದುರಿನವರ ಒಂದು ಸರದಿಗೆ ನಮ್ಮವು ಎರಡು, ಅದೂ ಅಷ್ಟೇ. ಶಾಟ್ ಕ್ಲಾಕ್, ಅಂದರೆ ಒಂದು ಸರದಿಯಲ್ಲಿ ಎಸೆಯಲು ಇರುವ ಗಡುವು, 30 ಸೆಕೆಂಡು. ಪಂದ್ಯದಲ್ಲಿ 38–40 ಸೆಕೆಂಡು ಉಳಿದಿರುವಾಗ ಎಸೆದುಬಿಟ್ಟರೆ, ಎದುರಿನವರು ಪೂರ್ತಿ ಮೂವತ್ತು ಬಳಸಿದರೂ ನಿಮಗೆ ಇನ್ನೊಂದು ಸರದಿ ಸಿಗುತ್ತದೆ. 33ಕ್ಕೆ ಎಸೆದರೆ ಕೈಗೆ ಬರುವುದು ಎರಡು ಸೆಕೆಂಡು, ಅದರಲ್ಲಿ ಅರ್ಧ ಅಂಗಳದಿಂದ ದೇವರ ಹೆಸರಲ್ಲಿ ಎಸೆಯಬೇಕಷ್ಟೆ. ಡಿಸೆಂಬರ್ ಹೊತ್ತಿಗೆ ಪಾಯಿಂಟ್ ಗಾರ್ಡುಗಳಿಗೆ (ಚೆಂಡು ತಂದು ಆಟ ನಡೆಸುವವರು) ಇದು ಗಡಿಯಾರ ನೋಡದೆಯೂ ಗೊತ್ತಾಗುತ್ತದೆ. ನವೆಂಬರ್‌ನಲ್ಲಿ ಗಡಿಯಾರ ನೋಡಿದರೂ ಗೊತ್ತಾಗುವುದಿಲ್ಲ. ಉಳಿದೇ ಇಲ್ಲದ ಟೈಮ್‌ಔಟ್ ಕೇಳಿ ಟೆಕ್ನಿಕಲ್ ಫೌಲ್ ತಿನ್ನುವುದನ್ನಂತೂ ಇಲ್ಲಿ ಎತ್ತುವುದಿಲ್ಲ. 1993ರ ಡಿವಿಷನ್ ಒಂದರ ಫೈನಲ್‌ನಲ್ಲಿ ಮಿಚಿಗನ್ ವಿಶ್ವವಿದ್ಯಾಲಯದ ಕ್ರಿಸ್ ವೆಬರ್ ಅದನ್ನೇ ಮಾಡಿದ್ದು, ಆ ರಾಜ್ಯದವರಿಗೆ ಅದಿನ್ನೂ ಮಾಯದ ಹುಣ್ಣು.

‘ಕಾನ್ಫರೆನ್ಸ್ ಟೂರ್ನಿ ಗೆದ್ದರೆ ನೇರ ಪ್ರವೇಶ ಇದೆಯಲ್ಲ, ನವೆಂಬರ್ ಯಾಕೆ ತಲೆಬಿಸಿ?’ ಅಂತ ಕೇಳುವವರಿದ್ದಾರೆ. ಇದೆ. ಎಂಟು ತಂಡದಲ್ಲಿ ಒಂದಕ್ಕೆ. ಫೆಬ್ರವರಿಯ ಒಂದು ಕೆಟ್ಟ ರಾತ್ರಿ, ಒಂದು ಉಳುಕಿದ ಕಾಲು, ಮುಗಿಯಿತು. ಆಗ ಎನ್‌ಪಿಐ ಪಟ್ಟಿ ತೆರೆದು ‘ನಮ್ಮ ಕಾನ್ಫರೆನ್ಸಿಗೆ ಬೆಲೆ ಕೊಟ್ಟಿಲ್ಲ’ ಅಂತ ಗೋಳಾಡುವುದು, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಇನ್ನು ಷಿಕಾಗೊ, ಎನ್‌ವೈಯು, ಕಾರ್ನೆಗಿ ಮೆಲನ್, ಎಮರಿ ಇರುವ ಯುಎಎ ಎಂಬ ಕಾನ್ಫರೆನ್ಸಿಗೆ ಅಂಥ ಟೂರ್ನಿಯೇ ಇಲ್ಲ. ನಮ್ಮ ಕನ್ನಡದ ಮನೆಗಳ ಮಕ್ಕಳು ಓದುವ ಕಾಲೇಜುಗಳು ಇವು, ಅಪ್ಪ-ಅಮ್ಮಂದಿರೇ, ಫೀಸು ಕಟ್ಟಿದ ತಪ್ಪಿಗೆ ಒಂದು ಪಂದ್ಯವನ್ನಾದರೂ ನೋಡಿ. ಅಲ್ಲೂ ಎಂಟು ತಂಡ, ಹದಿನಾಲ್ಕು ಪಂದ್ಯ, ಮೊದಲ ಸ್ಥಾನದವರಿಗೆ ನೇರ ಜಾಗ. ಉಳಿದವರ ಹಣೆಬರಹ ಹೊಸ ವರ್ಷಕ್ಕೆ ಮೊದಲಿನ ಹೊರಗಿನ ಪಂದ್ಯಗಳಲ್ಲೇ ಬಹುಪಾಲು ಬರೆದಾಗಿರುತ್ತದೆ.

‘ಹೊಸ ಹುಡುಗರನ್ನು ಪರೀಕ್ಷಿಸುವ ಕಾಲ’ ಅನ್ನುವ ವಾದವೂ ಉಂಟು. ಒಪ್ಪಿದೆ. ಪರೀಕ್ಷಿಸುವುದಕ್ಕೆ ಡಿವಿಷನ್ ಒಂದರ ತಂಡದ ಜೊತೆ ಪ್ರದರ್ಶನ ಪಂದ್ಯ ಆಡಿ, ಅದು ಸೂಚ್ಯಂಕಕ್ಕೆ ಸೇರದು. ಡಿವಿಷನ್ ಮೂರರ ಹೊರಗಿನವರ ಜೊತೆಗಿನ ಪಂದ್ಯ ಯಾವುದೂ ಸೇರದು. 2012ರ ನವೆಂಬರ್ 20ರಂದು ಗ್ರಿನೆಲ್‌ನ ಜ್ಯಾಕ್ ಟೇಲರ್ ಒಬ್ಬನೇ 138 ಪಾಯಿಂಟ್ ಹೊಡೆದದ್ದು ಫೇತ್ ಬ್ಯಾಪ್ಟಿಸ್ಟ್ ಬೈಬಲ್ ಕಾಲೇಜಿನ ಮೇಲೆ, ಅಂಥದ್ದೇ ಪಂದ್ಯದಲ್ಲಿ. 108 ಸಲ ಎಸೆದು 52 ಹಾಕಿದ. ಇಡೀ ದೇಶದ ಟಿವಿ ಡಿವಿಷನ್ ಮೂರನ್ನು ತಿರುಗಿ ನೋಡಿದ್ದು ಆ ತಮಾಷೆಗೆ. ಸೋತ ತಂಡದ ಡೇವಿಡ್ ಲಾರ್ಸನ್ 70 ಹೊಡೆದಿದ್ದ, ಪಾಪ, ಅವನನ್ನು ಯಾರೂ ಕೇಳಲಿಲ್ಲ. ಅದೇ ಕ್ಯಾಮೆರಾ ಮಿಚಿಗನ್ ಸರೋವರದ ಈ ದಂಡೆಯವರೂ ಆ ದಂಡೆಯ ವಿಸ್ಕಾನ್ಸಿನ್ ತಂಡಗಳೂ 68–67ಕ್ಕೆ ಉಸಿರು ಬಿಗಿಹಿಡಿದು ಆಡುವಾಗ ಎಲ್ಲಿರುತ್ತದೋ.

ಇದೇ ಒಂದು ಬುಟ್ಟಿಯ ಅಂತರ ಮಾರ್ಚ್‌ನಲ್ಲಿ ಬಂದರೆ ‘ಅಮರ ಪಂದ್ಯ’. ಡಿವಿಷನ್ ಮೂರರ 2014ರ ಫೈನಲ್‌ನಲ್ಲಿ ವೈಟ್‌ವಾಟರ್ 75, ವಿಲಿಯಮ್ಸ್ 73. ಮುಂದೆ ಎನ್‌ಬಿಎ ಸೇರಿದ ಡಂಕನ್ ರಾಬಿನ್ಸನ್ ಆಗ ವಿಲಿಯಮ್ಸ್ ತಂಡದಲ್ಲಿದ್ದ. 2017ರಲ್ಲಿ ಬ್ಯಾಬ್ಸನ್ 79, ಅಗಸ್ಟಾನ 78. 2023ರಲ್ಲಿ ಕ್ರಿಸ್ಟಫರ್ ನ್ಯೂಪೋರ್ಟ್ 74, ಮೌಂಟ್ ಯೂನಿಯನ್ 72. ಎಲ್ಲರೂ ಕುಣಿದರು. ನವೆಂಬರ್‌ನ ಎರಡು ಪಾಯಿಂಟು ಮಾತ್ರ ನಿಮಗೆ ‘ವಾರ್ಮ್‌ಅಪ್’.

ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ, ನನ್ನ ಒಲವು ಹೋಪ್ ಕಡೆ. ಕ್ಯಾಲ್ವಿನ್ ಸೋತ ಸುದ್ದಿ ಕೇಳಿದಾಗ ಒಳಗೆಲ್ಲೋ ಒಂದು ಕ್ಷಣ ಸಿಹಿ ಆಗುವುದು ಸುಳ್ಳಲ್ಲ. ಆಮೇಲೆ ಲೆಕ್ಕ ನೆನಪಾಗಿ ಬಾಯಿ ಕಹಿ. ಕ್ಯಾಲ್ವಿನ್ ಹುಡುಗರು 1992ರಲ್ಲಿ, 2000ದಲ್ಲಿ ರಾಷ್ಟ್ರ ಪ್ರಶಸ್ತಿ ಗೆದ್ದರು. ಹೋಪ್ ಹುಡುಗರು 1996, 1998ರಲ್ಲಿ ಫೈನಲ್‌ಗೆ ಹೋಗಿ ಎರಡೂ ಸಲ ಸೋತರು. ಹೋಪ್‌ನ ಮಾನ ಉಳಿಸಿದವರು ಹುಡುಗಿಯರು: 1990, 2006, 2022, ಮೂರು ಪ್ರಶಸ್ತಿ. ಇವರಿಬ್ಬರು ಒಬ್ಬರನ್ನೊಬ್ಬರು ಗುರಾಯಿಸುತ್ತ ಕೂತಿರುವಾಗ ಅದೇ ಕಾನ್ಫರೆನ್ಸಿನ ಟ್ರೈನ್, ಇಂಡಿಯಾನಾದ ಆಂಗೋಲಾ ಎಂಬ ಪುಟ್ಟ ಊರಿನದು, 2024ರಲ್ಲಿ ಹ್ಯಾಂಪ್ಡನ್-ಸಿಡ್ನಿಯನ್ನು 69–61ಕ್ಕೆ ಬಗ್ಗಿಸಿ ಪುರುಷರ ಪ್ರಶಸ್ತಿ ಎತ್ತಿಕೊಂಡು ಹೋಯಿತು.

ವಿಲಿಯಮ್ಸ್–ಆಮ್ಹರ್ಸ್ಟ್ ಜಗಳ ಇನ್ನೂ ವಿಚಿತ್ರ. 1821ರಲ್ಲಿ ವಿಲಿಯಮ್ಸ್‌ನ ಅಧ್ಯಕ್ಷರೇ ಒಂದಿಷ್ಟು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೊರಟು ಆಮ್ಹರ್ಸ್ಟ್ ಶುರು ಮಾಡಿದ್ದು. ಅವರ ಕಾನ್ಫರೆನ್ಸಿನಲ್ಲಿ ಎಲ್ಲರ ಜೊತೆ ಒಂದೊಂದೇ ಪಂದ್ಯ ಲೆಕ್ಕಕ್ಕೆ. ಆದರೂ ಇವರಿಬ್ಬರು ಎರಡು ಸಲ ಆಡುತ್ತಾರೆ, ಅದರಲ್ಲೊಂದು ಕಾನ್ಫರೆನ್ಸ್ ಪಟ್ಟಿಗೆ ಸೇರುವುದೇ ಇಲ್ಲ. ಪಟ್ಟಿಗೆ ಸೇರದಿದ್ದರೂ ಎನ್‌ಪಿಐಗೆ ಸೇರುತ್ತದೆ. ‘ಅದು ಲೆಕ್ಕಕ್ಕಿಲ್ಲದ ಪಂದ್ಯ’ ಅಂತ ಯಾರಾದರೂ ಕಾಮೆಂಟಿನಲ್ಲಿ ಬರೆದರೆ ನಾನು ಉತ್ತರಿಸುವುದಿಲ್ಲ, ಮೇಲಿನ ಐದನೇ ಪ್ಯಾರಾದಿಂದ ಮತ್ತೊಮ್ಮೆ ಓದಿ.

ಈ ಶನಿವಾರವೂ ಹೊರಗಿನ ಪಂದ್ಯಗಳಿವೆ. ನಿಮ್ಮ ಎದುರಾಳಿ ಕಾಲೇಜಿನ ಲೈವ್ ಸ್ಟ್ರೀಮ್ ಹಾಕಿಕೊಳ್ಳಿ, ಒಂದೇ ಕ್ಯಾಮೆರಾ, ಅದೂ ಅರ್ಧ ಹೊತ್ತು ಚೆಂಡಿನ ಹಿಂದೆ ಬಿದ್ದಿರುತ್ತದೆ, ಪರವಾಗಿಲ್ಲ. ಎರಡು ಪಾಯಿಂಟ್ ಹಿಂದಿದ್ದು 39 ಸೆಕೆಂಡು ಬಾಕಿ ಇರುವಾಗ ಅವರ ಪಾಯಿಂಟ್ ಗಾರ್ಡ್ ಚೆಂಡು ಹಿಡಿದು ನಿಂತಿದ್ದರೆ, ಹಲ್ಲು ಕಚ್ಚಿಕೊಂಡಾದರೂ ಸರಿ, ‘ಈಗ ಎಸಿ ಮಾರಾಯ’ ಅನ್ನಿ. ಮನೆಯವರು ಕೇಳಿದರೆ ನಾನು ಹೇಳಿಕೊಟ್ಟೆ ಅನ್ನಬೇಡಿ.