"ನೆಗಡಿ ಐತೆ, ಮುಂದಿನ ವಾರ ಹಾಕ್ಸೋಣ"

ಇವತ್ತು ಗುರುವಾರ, ನಮ್ಮ ಕೋಲಾರದ ಕಡೆ ಆರೋಗ್ಯ ಕೇಂದ್ರಗಳಲ್ಲಿ ಮಕ್ಕಳಿಗೆ ಸೂಜಿ ಹಾಕುವ ದಿನ. ಬೆಳಿಗ್ಗೆಯಿಂದ ಕಿವಿಗೆ ಬಿದ್ದಿದ್ದು ಒಂದೇ ಮಾತು: "ಸಿಸ್ಟರ್, ಮಗೂಗೆ ನೆಗಡಿ ಐತೆ, ಮುಂದಿನ ವಾರ ಹಾಕ್ಸೋಣ." ಲಸಿಕೆ ಬೇಡವೇ ಬೇಡ ಅನ್ನುವವರು ನಮ್ಮಲ್ಲಿ ಕಡಿಮೆ, ಅವರ ಜೊತೆ ಕೂತು ವಾದ ಮಾಡಬಹುದು. ಮುಂದಿನ ವಾರ ಅನ್ನುವವರ ಜೊತೆ ವಾದಕ್ಕೂ ದಾರಿಯಿಲ್ಲ, ಯಾಕೆಂದರೆ ಅವರು ಒಪ್ಪಿಕೊಂಡೇ ಎದ್ದು ಹೋಗುತ್ತಾರೆ. ನನಗೆ ಸಿಟ್ಟು ಬರೋದು ಅಲ್ಲಿ.

ಮೂಗು ಸೋರೋದು, ಸಣ್ಣ ಕೆಮ್ಮು, ಒಂದೆರಡು ಸಲ ಭೇದಿ, ಮೈ ಸ್ವಲ್ಪ ಬೆಚ್ಚಗಿರೋದು, ಆಂಟಿಬಯೋಟಿಕ್ ಕುಡಿಯುತ್ತಿರೋದು, ಇವು ಯಾವುವೂ ಸೂಜಿ ಮುಂದೂಡಲು ಕಾರಣವಲ್ಲ. ಆಸ್ಪತ್ರೆಗೆ ಸೇರಿಸುವಷ್ಟು ಕಾಯಿಲೆಯಿದ್ದರೆ ಕಾಯಬೇಕು. ಹಿಂದಿನ ಡೋಸ್‌ಗೆ ತೀವ್ರ ಅಲರ್ಜಿ ಆಗಿದ್ದರೆ ಅದೇ ಲಸಿಕೆ ಮತ್ತೆ ಕೊಡಬಾರದು. ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ತೀರಾ ಕುಂದಿರುವ ಮಗುವಿಗೆ ಕ್ಷಯ ತಡೆಯುವ ಬಿಸಿಜಿ, ದಡಾರ-ರುಬೆಲ್ಲಾ ತಡೆಯುವ ಎಂಆರ್‌ನಂಥ ಜೀವಂತ ಲಸಿಕೆ (ಬಲ ಕುಂದಿಸಿದ ಜೀವಂತ ರೋಗಾಣು ಇರುವಂಥದ್ದು) ಕೊಡಬಾರದು. ಇಂಥ ಮಕ್ಕಳು ತೀರಾ ಅಪರೂಪ. ಐದಾರು ತಿಂಗಳ ಮಗುವಿಗೆ ಮೂಗು ಸೋರದ ವಾರಕ್ಕೆ ಕಾಯುತ್ತಾ ಕೂತರೆ ವರ್ಷವೇ ಕಳೆಯುತ್ತದೆ.

ಇನ್ನು 'ಮುಂದಿನ ವಾರ' ಅಂದರೆ ಏನು? ಹಳ್ಳಿಯ ಅಂಗನವಾಡಿಯಲ್ಲಿ ಲಸಿಕೆ ಹಾಕೋದು ಸಾಮಾನ್ಯವಾಗಿ ತಿಂಗಳಿಗೊಮ್ಮೆ. ಹಾಗಾಗಿ ನಿಮ್ಮ ಒಂದು ವಾರ ಅಲ್ಲಿಗೇ ಒಂದು ತಿಂಗಳು. ನಾಯಿಕೆಮ್ಮು ಸೇರಿ ಐದು ಕಾಯಿಲೆ ತಡೆಯುವ ಪೆಂಟಾ ಲಸಿಕೆ ಕೊಡಬೇಕಾದ್ದು 6, 10, 14 ವಾರಕ್ಕೆ. ಎರಡು ಡೋಸ್‌ಗಳ ನಡುವೆ ಕನಿಷ್ಠ 4 ವಾರ ಅಂತರ ಇರಲೇಬೇಕು, ಆದ್ದರಿಂದ ಮೊದಲನೆಯದು ಜಾರಿದರೆ ಉಳಿದೆರಡೂ ಜಾರುತ್ತವೆ. ನಾಯಿಕೆಮ್ಮು ಮಕ್ಕಳನ್ನು ಕೊಲ್ಲೋದು ಹೆಚ್ಚಾಗಿ ಮೊದಲ ಎರಡು ಮೂರು ತಿಂಗಳಲ್ಲೇ. ಅಷ್ಟು ಸಣ್ಣ ಕೂಸಿಗೆ ಎಷ್ಟೋ ಸಲ ಕೆಮ್ಮೇ ಇರುವುದಿಲ್ಲ, ಉಸಿರು ನಿಂತು ಮೈ ನೀಲಿ ಆಗುತ್ತದೆ. 6 ವಾರ ಅಂತ ಇಟ್ಟಿರೋದು ಇದಕ್ಕೇ. ರೋಟಾವೈರಸ್ ಭೇದಿ ತಡೆಯುವ ರೋಟಾ ಹನಿಯಂತೂ ವರ್ಷ ದಾಟಿದ ಮೇಲೆ ಶುರು ಮಾಡುವ ಹಾಗೇ ಇಲ್ಲ.

"ಒಂದೇ ದಿನ ಮೂರು ಸೂಜಿನಾ? ಒಂದು ಹಾಕಿ, ಇನ್ನೆರಡು ಮುಂದಿನ ವಾರ." ಇದೂ ಅದೇ ರಾಗ. ಒಂದೂವರೆ ತಿಂಗಳಿಗೆ ಎಡ ತೊಡೆಗೆ ಪೆಂಟಾ, ಬಲ ತೊಡೆಗೆ ನ್ಯುಮೋನಿಯಾ ತಡೆಯುವ ಪಿಸಿವಿ, ಬಲ ತೋಳಿನ ಚರ್ಮಕ್ಕೆ ಪೋಲಿಯೋ ಸೂಜಿ ಐಪಿವಿ, ಬಾಯಿಗೆ ಪೋಲಿಯೋ ಹನಿ, ರೋಟಾ. ಎಲ್ಲವನ್ನೂ ಒಟ್ಟಿಗೆ ಕೊಟ್ಟರೂ ಕೆಲಸ ಮಾಡುತ್ತವೆ ಅಂತ ಪರೀಕ್ಷಿಸಿಯೇ ಪಟ್ಟಿ ಮಾಡಿರೋದು. ಹಂಚಿ ಹಾಕಿಸಿದರೆ ಮಗು ಅಳುವ ದಿನಗಳು ಹೆಚ್ಚುತ್ತವೆ, ಅಷ್ಟೇ.

ಒಂಬತ್ತು ತಿಂಗಳ ಸೂಜಿಯದ್ದು ಬೇರೆ ಲೆಕ್ಕ. ತಾಯಿಯಿಂದ ಬಂದ ದಡಾರದ ಪ್ರತಿಕಾಯಗಳು ಮೊದಲ ತಿಂಗಳುಗಳಲ್ಲಿ ಮಗುವನ್ನು ಕಾಯುತ್ತವೆ. ಅವು ಇರುವಾಗ ಎಂಆರ್ ಕೊಟ್ಟರೆ ಲಸಿಕೆ ಸರಿಯಾಗಿ ಹಿಡಿಯೋದಿಲ್ಲ. ಅವು ಕರಗಿದ ಮೇಲೆ ತಡ ಮಾಡಿದರೆ ಮಗುವಿಗೆ ಅದೂ ಇಲ್ಲ, ಇದೂ ಇಲ್ಲ. ದಡಾರ ಬಂದ ಒಂದು ಮಗುವಿನಿಂದ, ರಕ್ಷಣೆ ಇಲ್ಲದವರ ನಡುವೆ, 12ರಿಂದ 18 ಜನಕ್ಕೆ ಹರಡಬಲ್ಲದು. 'ಅಮ್ಮ ಆಗಿದೆ' ಅಂತ ಬೇವಿನ ಸೊಪ್ಪು ಕಟ್ಟಿ ಮನೆಯಲ್ಲೇ ಇಟ್ಟುಕೊಂಡ ಮಗು ಆಮೇಲೆ ನ್ಯುಮೋನಿಯಾ ಆಗಿ ಬರುತ್ತದೆ.

ಅದೇ ದಿನ ಮಿದುಳು ಜ್ವರದ ಜೆಇ ಲಸಿಕೆಯೂ ಇದೆ. 1970ರ ದಶಕದ ಕೊನೆಯಲ್ಲಿ ಆ ಜ್ವರ ಇದೇ ಕೋಲಾರ ಜಿಲ್ಲೆಯಲ್ಲಿ ಎಷ್ಟು ಮಕ್ಕಳನ್ನು ಬಲಿ ತೆಗೆದುಕೊಂಡಿತು ಅಂತ ನಮ್ಮ ಹಿರಿಯರನ್ನು ಕೇಳಿ. ಅದಕ್ಕೆ ಇವತ್ತಿಗೂ ನಿರ್ದಿಷ್ಟ ಔಷಧಿ ಇಲ್ಲ. ಬದುಕಿ ಉಳಿದವರಲ್ಲೂ ನೂರಕ್ಕೆ 30ರಿಂದ 50 ಮಂದಿಗೆ ನರದ ತೊಂದರೆ ಉಳಿದುಬಿಡುತ್ತದೆ. ಈ ಊರಿನ ತಂದೆತಾಯಿ ಜೆಇ ಬಗ್ಗೆ ಉದಾಸೀನ ಮಾಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಜ್ವರ ಬರುತ್ತೆ ಅನ್ನೋ ಹೆದರಿಕೆ ನ್ಯಾಯವಾದದ್ದೇ. ಪೆಂಟಾ ಆದ ಮೇಲೆ ಒಂದೆರಡು ದಿನ ಜ್ವರ, ತೊಡೆ ಊತ ಬರಬಹುದು. ಪ್ಯಾರಾಸಿಟಮಾಲ್ ಅಳತೆ ಮಗುವಿನ ತೂಕದ ಮೇಲೆ: ಕೆಜಿಗೆ 10ರಿಂದ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬೇಡ. ತಪ್ಪಾಗೋದು ಬಾಟಲಿಯಲ್ಲಿ. ಒಂದು ಎಂಎಲ್‌ಗೆ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಆದರೆ ಐದು ಕೆಜಿ ಮಗುವಿಗೆ ಅರ್ಧ ಎಂಎಲ್ ಸಾಕು. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ಡೋಸ್ ಎಷ್ಟೋ ಪಟ್ಟು ಹೆಚ್ಚಾಗುತ್ತದೆ. ಯಾವ ಬಾಟಲಿ, ಎಷ್ಟು ಅಂತ ಸಿಸ್ಟರ್ ಕೈಲೇ ಬರೆಸಿಕೊಳ್ಳಿ. ಎಂಆರ್ ಜ್ವರ ಬರೋದು ವಾರದ ಮೇಲೆ. ಬಿಸಿಜಿ ಗುಳ್ಳೆ ಒಡೆದು ಕೀವಾದರೆ ಅರಿಶಿನ, ಮುಲಾಮು ಏನೂ ಬೇಡ, ತಾನೇ ಒಣಗಿ ಕಲೆಯಾಗುತ್ತದೆ. ಮೂರು ಗಂಟೆಗೂ ಮೀರಿ ನಿಲ್ಲದ ಅಳು, ಫಿಟ್ಸ್, ಮಗು ಮಂಕಾಗಿ ಜೋತುಬೀಳೋದು ಕಂಡರೆ ಮಾತ್ರ ತಕ್ಷಣ ಆಸ್ಪತ್ರೆಗೆ ಓಡಿ.

"ಲಸಿಕೆಯಿಂದಲೇ ಮಕ್ಕಳು ಸತ್ತಿಲ್ವಾ?" ಅಂತ ಕೇಳುವವರಿದ್ದಾರೆ. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಎಂಆರ್ ಹಾಕಿಸಿಕೊಂಡ ಮೂರು ಕೂಸುಗಳು ತೀರಿಕೊಂಡವು. ಅಲ್ಲಿ ತಪ್ಪು ಕಂಡುಬಂದಿದ್ದು ಬಾಟಲಿಯನ್ನು ಇಟ್ಟುಕೊಂಡ ರೀತಿಯಲ್ಲಿ. ಪುಡಿಗೆ ದ್ರಾವಣ ಬೆರೆಸಿದ ಎಂಆರ್ ಬಾಟಲಿಯನ್ನು ತಂಪಿನಲ್ಲಿಟ್ಟು ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಎಸೆಯಬೇಕು. "ಸಿಸ್ಟರ್, ಎಷ್ಟು ಗಂಟೆಗೆ ಬೆರೆಸಿದ್ದು?" ಅಂತ ಕೇಳಿ. ಬಾಟಲಿ ಮೇಲೆ ಸಮಯ ಬರೆದಿರಬೇಕು. ಇದು ಜಗಳ ಅಲ್ಲ, ನಿಮ್ಮ ಹಕ್ಕು. ಆ ಸಾವುಗಳನ್ನು ತೋರಿಸಿ ಲಸಿಕೆಯನ್ನೇ ಮುಂದೂಡೋದಕ್ಕೆ ನಾನು ಒಪ್ಪಲ್ಲ.

ಮುಂದೂಡೋದು ಲಸಿಕೆ ಹಾಕುವ ನಮ್ಮ ಕಡೆಯಿಂದಲೂ ಇದೆ, ಮುಚ್ಚಿಡಲ್ಲ. "ಇನ್ನೂ ನಾಲ್ಕು ಮಕ್ಕಳು ಬರಲಿ, ಆಮೇಲೆ ಬಾಟಲಿ ಒಡೆಯೋಣ, ಮುಂದಿನ ವಾರ ಬನ್ನಿ" ಅಂತ ವಾಪಸ್ ಕಳಿಸೋದು ತಪ್ಪು. ಒಂದೇ ಮಗು ಬಂದರೂ ಬಾಟಲಿ ಒಡೆಯಬೇಕು ಅನ್ನೋದೇ ನಿಯಮ. ಕೂಲಿ ಬಿಟ್ಟು, ಬಸ್ ಹತ್ತಿ ಬಂದ ತಾಯಿ ಎರಡನೇ ಸಲ ಬರ್ತಾಳೆ ಅನ್ನೋ ಖಾತ್ರಿ ಏನಿದೆ?

ಬಾಣಂತನಕ್ಕೆ ತವರಿಗೆ ಹೋದವರು, ಕೆಲಸಕ್ಕೆ ಬೆಂಗಳೂರಿಗೆ ಹೋದವರು ತಾಯಿ ಕಾರ್ಡ್ ಜೊತೆಗೇ ಇಟ್ಟುಕೊಳ್ಳಿ, ಮೊಬೈಲಲ್ಲಿ ಒಂದು ಫೋಟೋ ಕೂಡ. ಮುಳಬಾಗಿಲಲ್ಲಿ ಶುರು ಮಾಡಿದ್ದನ್ನು ವೈಟ್‌ಫೀಲ್ಡಲ್ಲಿ ಮುಂದುವರಿಸಬಹುದು, ಯಾರೂ ಬೇಡ ಅನ್ನೋ ಹಾಗಿಲ್ಲ. ತಪ್ಪಿಹೋಗಿದ್ದರೆ ಮೊದಲಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಹಾಕುತ್ತಾರೆ. ಬೈತಾರೆ ಅಂತ ಹೆದರಿ ಬಿಡಬೇಡಿ. ಮುಖ್ಯವಾಗಿ, ಮಗು ನಡೆಯೋಕೆ ಶುರು ಮಾಡಿದ ಮೇಲೆ ಎಲ್ಲರೂ ಮರೆಯುವ 16ರಿಂದ 24 ತಿಂಗಳ ನಡುವಿನ ಸೂಜಿ: ಎಂಆರ್ ಎರಡನೇ ಡೋಸ್, ಜೆಇ ಎರಡನೇ ಡೋಸ್, ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿ ಬೂಸ್ಟರ್, ಪೋಲಿಯೋ ಹನಿ. ನಿಮ್ಮ ಮಗುವಿನ ಕಾರ್ಡಲ್ಲಿ ಆ ಸಾಲು ಖಾಲಿ ಇದೆಯಾ ಅಂತ ಇವತ್ತು ರಾತ್ರಿಯೇ ತೆಗೆದು ನೋಡಿ, ಖಾಲಿ ಇದ್ದರೆ ನಾಳೆ ಬೆಳಿಗ್ಗೆ ಆಶಾ ಅಕ್ಕನಿಗೆ ಫೋನ್ ಮಾಡಿ.