ಬಿಪಿಎಲ್ ನಾಯಿ, ಎಪಿಎಲ್ ನಾಯಿ

ಬೆಂಗಳೂರಿನ ಸರ್ಜಾಪುರ, ಹೆಣ್ಣೂರು, ಕನಕಪುರ ರೋಡ್ ಕಡೆ ನಿಮ್ದೇನಾದ್ರೂ ಒಂದೆಕರೆ ಜಮೀನಿದ್ದು, ರಾಗಿ ಬೆಳೆದ್ರೆ ಏನೂ ಗಿಟ್ಟಲ್ಲ ಅಂತ ತಲೆ ಕೆಡಿಸ್ಕೊಂಡಿದ್ರೆ, ಒಂದು ಕೆಲಸ ಮಾಡಿ. ರಾಗಿ ಬಿಡಿ, ಬರೀ ಹುಲ್ಲು ಬೆಳೀರಿ. ಸುತ್ತ ಮೆಶ್ ಹಾಕ್ಸಿ, ಮಧ್ಯ ಒಂದು ನೀರಿನ ತೊಟ್ಟಿ ಕಟ್ಸಿ, ಗೇಟಿಗೆ ‘ಆಫ್ ಲೀಶ್ ಡಾಗ್ ಪಾರ್ಕ್ ಅಂಡ್ ಪೆಟ್ ವೆಲ್‌ನೆಸ್ ಸೆಂಟರ್’ ಅಂತ ಬೋರ್ಡ್ ಹೊಡ್ಸಿ. ಆಫ್ ಲೀಶ್ ಅಂದ್ರೆ ಬೆಲ್ಟ್ ಬಿಚ್ಚಿ ನಾಯಿನ ಓಡೋಕೆ ಬಿಡೋದು. ಭಾನುವಾರ ಬೆಳಗ್ಗೆ ಕಾರುಗಳು ನಿಮ್ಮ ಮನೆ ಕೊಟ್ಟಿಗೆ ತನಕ ನಿಂತಿರ್ತವೆ. ನಾಯಿಗೊಂದು ರೇಟು, ಅದ್ರ ಹಿಂದೆ ಬರೋ ಮನುಷ್ಯರಿಗೊಂದು ರೇಟು. ತೊಟ್ಟಿಗೆ ಇಳಿದ್ರೆ ಅದು ಬೇರೆ, ಅದಕ್ಕೆ ಹೈಡ್ರೋಥೆರಪಿ ಅಂತಾರೆ.

ಸುಮ್ನೆ ನುಗ್ಗೋಕಾಗಲ್ಲ ಮತ್ತೆ. ಲಸಿಕೆ ಕಾರ್ಡ್ ತೋರಿಸ್ಬೇಕು, ಹುಳದ ಔಷಧಿ ಯಾವಾಗ ಕೊಟ್ರಿ ಹೇಳ್ಬೇಕು, ಆಮೇಲೆ ಟೆಂಪರಮೆಂಟ್ ಟೆಸ್ಟ್, ನಾಯಿ ಒಳಗೆ ಹೋಗಿ ನಾಲ್ಕು ಜನರ ಜೊತೆ ಸರಿಯಾಗಿ ನಡ್ಕೊಳುತ್ತಾ ಅಂತ ಒಬ್ರು ನೋಡ್ತಾರೆ, ಹೊರಗೆ ಅಪ್ಪ ಅಮ್ಮ ಉಗುರು ಕಚ್ಕೊಂಡು ಕೂತಿರ್ತಾರೆ. ಪಾಸಾದ್ರೆ ಸ್ಪಾ, ಮಸಾಜು, ಪಂಜಕ್ಕೆ ಪೆಡಿಕ್ಯೂರು, ಸ್ಟ್ರೆಸ್ ಹೋಗೋಕೆ ಇನ್ನೇನೋ ಒಂದು. ಇಎಂಐ ಕಟ್ಟೋರು ಓನರ್ರು, ಸ್ಟ್ರೆಸ್ ಮಾತ್ರ ನಾಯಿಗೆ. ನಾಯಿಗೆ ಕೆಲಸ ಇಲ್ಲ ನಿಲ್ಲೋಕೆ ಹೊತ್ತಿಲ್ಲ ಅಂತಿದ್ರು ಹಿರಿಯರು, ಈಗ ಆ ಹೊತ್ತಿಗೂ ಆ್ಯಪಲ್ಲಿ ಸ್ಲಾಟ್ ಬುಕ್ ಮಾಡ್ಬೇಕು. ಬರ್ತ್‌ಡೇ ಇದ್ರೆ ಸಕ್ಕರೆ ಇಲ್ಲದ, ಮೈದಾ ಇಲ್ಲದ ಕೇಕು. ನಮ್ಮ ಮನೇಲಿ ಶುಗರ್ ಇರೋ ಹಿರಿಯರು ಇದಾರೆ, ಅವರಿಗೆ ಅಂಥ ಕೇಕ್ ಮಾಡಿಸ್ಬೋದು ಅಂತ ಯಾರಿಗೂ ಇವತ್ತಿನವರೆಗೆ ಹೊಳೆದಿಲ್ಲ.

ನಾಯಿ ಓಡೋದು ತಪ್ಪು ಅಂತಲ್ಲ. ಸೈಬೀರಿಯಾದಲ್ಲಿ ಗಾಡಿ ಎಳೀಬೇಕಾದ ಹಸ್ಕಿನ ತಂದು ಟೂ ಬಿಎಚ್‌ಕೆ ಬಾಲ್ಕನಿಲಿ ಇಟ್ರೆ ಅದಕ್ಕೂ ಹುಚ್ಚು ಹಿಡಿಯುತ್ತೆ, ಪಾಪ. ಮುಧೋಳದ ನಾಯಿನೂ ಅಷ್ಟೇ, ಬಯಲಲ್ಲಿ ಮೊಲದ ಹಿಂದೆ ಬೀಳೋ ಜಾತಿ, ಇಲ್ಲಿ ಲಿಫ್ಟಿಗೆ ಕಾಯ್ತಿರುತ್ತೆ. ಮೊದಲು ಕಬ್ಬನ್ ಪಾರ್ಕಿಗೆ ಕರ್ಕೊಂಡು ಹೋಗ್ತಿದ್ರು, 2022ರಲ್ಲಿ ತೋಟಗಾರಿಕೆ ಇಲಾಖೆ ಸಾಕುನಾಯಿಗಳನ್ನ ಒಳಗೆ ಬಿಡಲ್ಲ ಅಂತ ಹೊರಟಾಗ ನಾಯಿಪ್ರಿಯರು ಬೀದಿಗಿಳಿದು ಗಲಾಟೆ ಮಾಡಿದ್ರು. ನಾಯಿಗೆ ಪಾರ್ಕ್ ಇಲ್ಲ ಅಂದ್ರೆ ಬೀದಿಗಿಳಿಯೋರು ಇದಾರೆ, ಒಳ್ಳೇದೇ.

ನಮ್ಮ ಏರಿಯಾ ಪಾರ್ಕಿನ ಬೋರ್ಡ್ ಒಂದ್ಸಲ ಓದಿ. ಚೆಂಡಾಟ ಆಡಬಾರದು, ಸೈಕಲ್ ತರಬಾರದು, ಹುಲ್ಲಿನ ಮೇಲೆ ನಡೆಯಬಾರದು, ಮರ ಹತ್ತಬಾರದು, ಗಲಾಟೆ ಮಾಡಬಾರದು. ಆಮೇಲೆ ಕೆಳಗೆ ದೊಡ್ಡಕ್ಷರದಲ್ಲಿ ‘ಮಕ್ಕಳ ಉದ್ಯಾನವನ’. ಒಂದು ಹುಡುಗ ಸ್ವಲ್ಪ ಜೋರಾಗಿ ಓಡಿದ್ರೆ ಸಾಕು, ವಾಕಿಂಗ್ ಬರೋ ಅಂಕಲ್ಲುಗಳು ‘ಏಯ್’ ಅಂತಾರೆ, ವಾಚ್‌ಮನ್ ಸೀಟಿ ಊದ್ತಾನೆ. ಅದೇ ಬೋರ್ಡಿನ ಕೆಳಗೆ ಎರಡು ಬೀದಿನಾಯಿ ಕಾಲು ಚಾಚಿ ಮಲಗಿರ್ತವೆ, ಅವಕ್ಕೆ ಯಾರ ಸೀಟಿನೂ ಕೇಳಲ್ಲ.

ಇನ್ನು ಈ ಬೀದಿನಾಯಿಗಳದ್ದು. 2023ರ ಪಾಲಿಕೆ ಸರ್ವೆ ಪ್ರಕಾರ ಬೆಂಗಳೂರಲ್ಲಿ ಸುಮಾರು 2.79 ಲಕ್ಷ ಇದ್ವು, ಎಲ್ಲವೂ ಹುಟ್ಟಾ ಆಫ್ ಲೀಶು, ಮೆಂಬರ್‌ಶಿಪ್ ಫ್ರೀ, ಟೆಂಪರಮೆಂಟ್ ಟೆಸ್ಟ್ ರಾತ್ರಿ ಹನ್ನೊಂದಕ್ಕೆ ಬರೋ ಡೆಲಿವರಿ ಹುಡುಗರು ದಿನಾ ಮಾಡ್ತಾರೆ. 2025ರ ಜುಲೈನಲ್ಲಿ ಬಿಬಿಎಂಪಿ ಇವಕ್ಕೆ ಚಿಕನ್ ರೈಸ್ ಕೊಡೋ ಯೋಜನೆ ತಂತು, ನೆನಪಿರ್ಬೇಕು ನಿಮಗೆ, ಊರೆಲ್ಲ ನಕ್ಕಿತ್ತು. ನಾಯಿಗೆ 150 ಗ್ರಾಂ ಚಿಕನ್, 100 ಗ್ರಾಂ ಅಕ್ಕಿ, ಜೊತೆಗೆ ತರಕಾರಿ, ತಲೆಗೆ ದಿನಕ್ಕೆ 22 ರೂಪಾಯಿ ಚಿಲ್ಲರೆ. ಹೊಟ್ಟೆ ತುಂಬಿದ ನಾಯಿ ಕಚ್ಚೋದು ಕಮ್ಮಿ ಅನ್ನೋ ಲೆಕ್ಕ, ಅದ್ರಲ್ಲಿ ಅರ್ಥ ಇಲ್ಲ ಅನ್ನೋಕಾಗಲ್ಲ. ಇಂದಿರಾ ಕ್ಯಾಂಟೀನ್ ಶುರುವಾದಾಗ ನಮ್ಮ ಊಟ ಹತ್ತು ರೂಪಾಯಿ, ನಾವು ಕಚ್ಚಲ್ಲ ಅಂತ ಸರ್ಕಾರಕ್ಕೆ ನಂಬಿಕೆ.

ಆದ್ರೆ ಊಟ ಇದ್ದಿದ್ದು 5,000 ನಾಯಿಗೆ ಮಾತ್ರ. ಅಂದ್ರೆ ಅವು ಬಿಪಿಎಲ್ಲು. ಸರ್ಜಾಪುರದಲ್ಲಿ ಪೆಡಿಕ್ಯೂರ್ ಮಾಡಿಸ್ಕೊಳ್ಳೋವು ಎಪಿಎಲ್ಲು. ಮಧ್ಯ ಉಳಿದ ಎರಡೂ ಮುಕ್ಕಾಲು ಲಕ್ಷದ್ದು ಕಾರ್ಡಿಗೆ ಅರ್ಜಿ ಹಾಕಿ ಸರ್ವರ್ ಡೌನ್ ಅಂತ ವಾಪಸ್ ಬಂದಿರೋ ಕೇಸು.

ಹೋದ ವಾರ ಗೆಳೆಯ ಒಬ್ಬ ಆರು ವರ್ಷದ ಮಗನ್ನ ಕರ್ಕೊಂಡು ಇಂಥದ್ದೇ ಒಂದು ಪಾರ್ಕಿಗೆ ಹೋಗಿದ್ದ. ಇವರ ಹತ್ರ ನಾಯಿ ಇಲ್ಲ, ಹುಡುಗನಿಗೆ ಓಡೋಕೆ ಎಲ್ಲೂ ಜಾಗ ಇಲ್ಲ, ನಾಯಿ ರೇಟೇ ಕೊಡ್ತೀನಿ ಒಂದು ಗಂಟೆ ಬಿಡಿ ಮೇಡಂ ಅಂತ ಕೌಂಟರಲ್ಲಿ ಕೇಳಿದ್ನಂತೆ. ಆ ಹುಡುಗಿ ತುಂಬಾ ವಿನಯದಿಂದಾನೇ ಹೇಳಿದ್ಲಂತೆ: ‘ಸಾರಿ ಸಾರ್, ಚಿಕ್ಕ ಮಕ್ಕಳನ್ನ ಒಳಗೆ ಬಿಡಲ್ಲ, ಓಡಿದ್ರೆ ನಾಯಿಗಳು ಡಿಸ್ಟರ್ಬ್ ಆಗ್ತವೆ. ಇಲ್ಲೇ ವೇಟಿಂಗ್ ಏರಿಯಾದಲ್ಲಿ ಕೂರಿಸಿ, ವೈಫೈ ಫ್ರೀ ಇದೆ.’